ಭಾರ ಇಳಿಸುವ ನೆರವು

ನಮ್ಮ ತೋಳಿಗೂ ತೂಕವಿದೆ ಎಂಬುದು ಆರೋಗ್ಯವಂತರ ನೆನಪಿಗೇ ಬರುವುದಿಲ್ಲ. 60 ಕಿಲೋ ತೂಗುವವರ ಒಂದು ತೋಳು ಅಂಗೈ ಸೇರಿ ಸುಮಾರು 3 ಕಿಲೋ ಇರುತ್ತದೆ. ತುತ್ತು ಎತ್ತುವಾಗ, ತಲೆ ಬಾಚುವಾಗ, ಕೈ ಮುಗಿಯುವಾಗ ಸ್ನಾಯುಗಳು ಮೊದಲು ಹೊರಬೇಕಾದುದು ಈ ತೂಕವನ್ನು. ಸ್ನಾಯು ಸೋತವರಿಗೆ ಅದೇ ಬೆಟ್ಟವಾಗುತ್ತದೆ.

ಇಂಥ ಮಕ್ಕಳಿಗಾಗಿ ಅಮೆರಿಕದ ವಿಲ್ಮಿಂಗ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ತಾರಿಕ್ ರಹಮಾನ್ ಮತ್ತು ಸಂಗಡಿಗರು ‘ರೆಕ್ಸ್’ ಎಂಬ ಸಾಧನ ರೂಪಿಸಿದರು. ಅದಕ್ಕೆ ಮೋಟಾರು ಬೇಡ, ಬ್ಯಾಟರಿ ಬೇಡ. ಕೀಲುಳ್ಳ ಪಟ್ಟಿಗಳು ತೋಳಿಗೆ ಆಸರೆಯಾಗುತ್ತವೆ. ರಬ್ಬರ್ ಬ್ಯಾಂಡುಗಳು ತೋಳಿನ ತೂಕವನ್ನು ಸರಿದೂಗಿಸುತ್ತವೆ. ಹುಟ್ಟಿನಿಂದಲೇ ಕೀಲುಗಳು ಬಿಗಿದುಕೊಂಡಿದ್ದ ಪುಟ್ಟ ಮಗುವೊಂದಕ್ಕೆ ಲೋಹದ ಸಾಧನವೇ ಭಾರವಾಗುತ್ತಿತ್ತು. ಆಗ ತ್ರೀಡಿ ಮುದ್ರಣದಲ್ಲಿ ಹಗುರವಾದ ಪ್ಲಾಸ್ಟಿಕ್ ಭಾಗಗಳನ್ನು ಮಾಡಿ ಜಾಕೆಟ್ಟಿಗೆ ಜೋಡಿಸಿಕೊಟ್ಟರು. ಮಗು ತನ್ನ ಕೈಯಿಂದಲೇ ಆಡತೊಡಗಿತು.

ಈ ಸಾಧನ ಕೈಯನ್ನು ತಾನಾಗಿ ಎಲ್ಲಿಗೂ ಒಯ್ಯುವುದಿಲ್ಲ. ತೂಕವನ್ನಷ್ಟೇ ತಾನು ಹೊತ್ತು, ಯಾವ ಆಟಿಕೆ ಬೇಕು, ಯಾವ ಬಣ್ಣ ಬೇಕು ಎಂಬುದನ್ನು ಮಗುವಿಗೇ ಬಿಡುತ್ತದೆ. ನೆರವು ನೀಡುವ ಎಲ್ಲರೂ ಕಲಿಯಬೇಕಾದ ಸಂಯಮ ಇದು.

ಲಕ್ವ ಹೊಡೆದ ಹಿರಿಯರಿರುವ ಮನೆಗಳಲ್ಲಿ ನಾವು ಏನು ಮಾಡುತ್ತೇವೆ? ಬಾಯಿಗೆ ತುತ್ತಿಡುತ್ತೇವೆ, ಅಂಗಿಯ ಗುಂಡಿ ಹಾಕುತ್ತೇವೆ, ಅವರು ಕೈ ಚಾಚುವ ಮೊದಲೇ ನೀರಿನ ಲೋಟ ಹಿಡಿಯುತ್ತೇವೆ. ಅದರ ಹಿಂದೆ ಪ್ರೀತಿಯಿದೆ, ಸ್ವಲ್ಪ ಅವಸರವೂ ಇದೆ. ಆದರೆ ಬಳಸದ ಕೈಯನ್ನು ಬಳಸದೇ ಇರುವುದೇ ದೇಹಕ್ಕೆ ರೂಢಿಯಾಗಿಬಿಡುತ್ತದೆ. ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನು ಗುರುತಿಸಿ, ಗಟ್ಟಿಯಾದ ಕೈಯನ್ನು ತಡೆದು ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯನ್ನು ರೂಪಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿಗಳು 2022ರಲ್ಲಿ ಪಾರ್ಶ್ವವಾಯು ರೋಗಿಗಳಿಗಾಗಿ ಮೆತ್ತನೆಯ ಕೈಗವಸೊಂದನ್ನು ಪರಿಚಯಿಸಿದರು. ಬೆರಳುಗಳ ಚಲನೆಯನ್ನು ಅದು ಬೆಳಕಿನ ಮೂಲಕ ಅಳೆಯುತ್ತದೆ. ರೋಗಿ ಮನೆಯಲ್ಲೇ ವ್ಯಾಯಾಮ ಮಾಡಬಹುದು, ವೈದ್ಯರು ದೂರದಿಂದಲೇ ಗಮನಿಸಬಹುದು. ಇಂಥ ಸಾಧನಗಳು ಪ್ರಯೋಗಾಲಯದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬಡವರ ಮನೆಗೆ ತಲುಪುವಂತೆ ಮಾಡುವುದು ಸಮಾಜದ ಹೊಣೆ.

ಸಾಧನ ಬರುವವರೆಗೂ ನಮ್ಮಿಂದ ಆಗುವ ಕೆಲಸವಿದೆ. ಅಪ್ಪನ ಮೊಣಕೈ ಕೆಳಗೆ ನಿಮ್ಮ ಅಂಗೈಯನ್ನು ಆಸರೆಯಾಗಿಡಿ. ಅನ್ನ ಚೆಲ್ಲಿದರೆ ಚೆಲ್ಲಲಿ, ಊಟಕ್ಕೆ ಒಂದು ಗಂಟೆ ಹಿಡಿದರೆ ಹಿಡಿಯಲಿ. ತುತ್ತನ್ನು ಅವರೇ ಎತ್ತಲಿ.