ಹಾಳೆಯ ಮೇಲಿನ ಸ್ವಭಾವ

ಅಮೆರಿಕದಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಚಿತ್ರ ಪ್ರಶ್ನೆಯೊಂದನ್ನು ಕೇಳಿದ್ದಾನೆ. ಅಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವಿದೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲೇ ಕಥೆ ಮುಂದುವರಿಸುತ್ತಾರೆ. ದಾಳವನ್ನೂ ಉರುಳಿಸುತ್ತಾರೆ. (ದಾಳದ ಕುರಿತು ವಿದ್ವಾಂಸರ ಚರ್ಚೆ ಬೇರೆಯೇ ಇದೆ, ಅದು ಇಲ್ಲಿಯ ವಿಷಯವಲ್ಲ.) ಆಟಕ್ಕೆ ಮುನ್ನ ಪ್ರತಿಯೊಬ್ಬನೂ ತನ್ನ ಪಾತ್ರದ ನೈತಿಕ ನಿಲುವನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ರಚಿಸಿ ಹೊರತಂದಾಗ ಇದ್ದ ನಿಲುವುಗಳು ಮೂರೇ: ಕ್ರಮಬದ್ಧತೆ, ತಟಸ್ಥತೆ, ಅರಾಜಕತೆ. ಒಳಿತು ಕೆಡುಕುಗಳೂ ಸೇರಿ 1978ರ ನಿಯಮಪುಸ್ತಕದಲ್ಲಿ ಅವು ಒಂಬತ್ತಾದವು.

ಈ ಹುಡುಗ 'ಕೆಡುಕು' ಎಂದು ಬರೆದುಕೊಂಡ. ಕಥೆಯೊಳಗೆ ಗೆಳೆಯನ ಚಿನ್ನ ಕದ್ದ. ಗೆಳೆಯ ನಿಜವಾಗಿಯೇ ನೊಂದು ಮಾತು ಬಿಟ್ಟ. "ಉಸ್ತಾದ್, ಕದ್ದದ್ದು ನಾನಲ್ಲ, ನನ್ನ ಪಾತ್ರ. ಇದರಲ್ಲಿ ನನ್ನ ತಪ್ಪೇನು?"

ಕಳ್ಳನ ಪಾತ್ರ ವಹಿಸಿದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ. ಆದರೆ ಚಿನ್ನ ಕಥೆಯದ್ದಾದರೂ ನೋವು ಕಥೆಯದ್ದಲ್ಲ. ಮೇಲಾಗಿ ಆ ಪಾತ್ರವನ್ನು ಆರಿಸಿಕೊಂಡವನು ಯಾರು?

ಈ ನೆಪ ನಮಗೇನೂ ಅಪರಿಚಿತವಲ್ಲ. "ನನಗೆ ಕೋಪ ಜಾಸ್ತಿ, ಹುಟ್ಟುಗುಣ" ಎಂದು ಮಡದಿ ಮಕ್ಕಳ ಮೇಲೆ ಹರಿಹಾಯುವವರು, "ನಾನು ನೇರ ಮಾತಿನವನು" ಎಂದು ನೆರೆಯವನ ಮನಸ್ಸು ಮುರಿಯುವವರು ನಮ್ಮ ಮೊದಲ ಸಫ್ಫಿನಲ್ಲೇ ಇದ್ದಾರೆ. ಇವರೂ ಒಂದು ಹಾಳೆ ಬರೆದಿಟ್ಟುಕೊಂಡವರೇ. ಪವಿತ್ರ ಕುರ್‌ಆನ್ ಕೆಡುಕಿಗೆ ಪ್ರೇರೇಪಿಸುವ ಮನಸ್ಸನ್ನೂ, ತನ್ನನ್ನು ತಾನೇ ಹಳಿದುಕೊಳ್ಳುವ ಮನಸ್ಸನ್ನೂ, ಶಾಂತಿ ಪಡೆದ ಮನಸ್ಸನ್ನೂ ಪ್ರಸ್ತಾಪಿಸುತ್ತದೆ. ಅವು ಮೂರು ಜಾತಿಯ ಮನುಷ್ಯರಲ್ಲ. ಒಬ್ಬನೇ ಮನುಷ್ಯ ನಡೆದು ದಾಟಬೇಕಾದ ದಾರಿ.

ಆಟವನ್ನು ರಚಿಸಿದವರಿಗೂ ಇದರ ಅರಿವು ಸ್ವಲ್ಪ ಇತ್ತೆಂದು ತೋರುತ್ತದೆ. ಹಳೆಯ ನಿಯಮದಂತೆ ಆಟ ನಡೆಸುವವನು ಪ್ರತಿಯೊಬ್ಬನ ಕೃತ್ಯಗಳನ್ನು ಗಮನಿಸುತ್ತಿರಬೇಕಿತ್ತು. ಬರಹ ಒಂದು, ನಡತೆ ಇನ್ನೊಂದಾದರೆ ನಿಲುವೇ ಬದಲಾಗುತ್ತಿತ್ತು. 'ಪ್ಯಾಲಡಿನ್' ಎಂಬ ಧರ್ಮಯೋಧ ಬೇಕೆಂದೇ ಒಂದು ದುಷ್ಕೃತ್ಯ ಎಸಗಿದರೆ ಆ ಪದವಿ ಶಾಶ್ವತವಾಗಿ ಹೋಯಿತು. ಪಶ್ಚಾತ್ತಾಪದ ಬಾಗಿಲು ತೆರೆದಿಟ್ಟ ಅಲ್ಲಾಹನ ಕರುಣೆ ಅಲ್ಲೆಲ್ಲಿ!

'ಒಳಿತು' ಎಂದು ಬರೆದುಕೊಂಡವರ ಬಗ್ಗೆ ನನಗೆ ಇನ್ನೂ ಹೆಚ್ಚು ಭಯ. ಪ್ರವಾದಿ(ಸ)ಯವರು ಕಪಟವಿಶ್ವಾಸಿಗಳ ಹೆಸರುಗಳನ್ನು ಹಝ್ರತ್ ಹುದೈಫಾ(ರ)ರಿಗೆ ಗುಟ್ಟಾಗಿ ತಿಳಿಸಿದ್ದರು. ಹಝ್ರತ್ ಉಮರ್(ರ) ಅವರ ಬಳಿ ಹೋಗಿ, ಅದರಲ್ಲಿ ತನ್ನ ಹೆಸರೂ ಇದೆಯೇ ಎಂದು ಕೇಳಿದರೆಂದು ವರದಿಯಾಗಿದೆ. ತನ್ನ ಹಾಳೆಯನ್ನು ತಾನೇ ತುಂಬಿಕೊಳ್ಳುವ ಧೈರ್ಯ ಉಮರ್(ರ)ರಂಥವರಿಗೇ ಇರಲಿಲ್ಲ.

ಹುಡುಗನಿಗೆ ಉತ್ತರ ಬರೆದಿದ್ದೇನೆ: ಮೊದಲು ಗೆಳೆಯನ ಕೋಣೆಗೆ ಹೋಗು, ನಿನ್ನ ಪಾತ್ರವನ್ನು ಜೊತೆಗೆ ಕರೆದೊಯ್ಯಬೇಡ.