ಹಳೇ ಹಲ್ಲು, ಹೊಸ ಚೈನು

ಅಪ್ಪ ಯೆಜ್ಡಿ ಬೈಕು ತಂದದ್ದು 1981ರಲ್ಲಿ. ಬೆಳಗೊಳದಲ್ಲಿ ಗೊಮ್ಮಟನಿಗೆ ಸಾವಿರ ವರ್ಷದ ಮಸ್ತಕಾಭಿಷೇಕ ನಡೆದ ವರ್ಷ ಅದು. ನಮ್ಮ ಮನೆಯಲ್ಲಿ ಕಾಲದ ಲೆಕ್ಕವೆಲ್ಲ ಮಸ್ತಕಾಭಿಷೇಕದಿಂದಲೇ. ನನ್ನ ಮದುವೆ 1993ರದ್ದು ಆದ ಮೇಲೆ, ಅಪ್ಪ ಹೋದದ್ದು 2006ರದ್ದು ನೋಡಿಕೊಂಡು. ಗಾಡಿ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಗಾಡಿ ಮಾತ್ರ ಈಗಲೂ ಚನ್ನರಾಯಪಟ್ಟಣದ ನಮ್ಮ ಬಟ್ಟೆ ಅಂಗಡಿ ಮುಂದೆ ನಿಲ್ಲುತ್ತದೆ.

ಈ ಗಾಡಿ ನಾಲ್ಕು ವರ್ಷದಲ್ಲಿ ಮೂರು ಚೈನು ತಿಂದಿತು. ಹೊಸ ಚೈನು ಹಾಕಿಸಿದ ಎರಡೇ ತಿಂಗಳಿಗೆ ಜೋಲು ಬೀಳುವುದು, ಎಕ್ಸಿಲರೇಟರ್ ಬಿಟ್ಟು ಹಿಡಿದರೆ ಕತ್ತು ಮುಂದಕ್ಕೆ ಬೀಳುವ ಹಾಗೆ ಎಳೆತ, ಸೆಕೆಂಡ್ ಗೇರಿನಲ್ಲಿ ಕಟಕಟ. ಬಿಗಿ ಮಾಡಿಸಿದರೆ ಒಂದು ವಾರ ಸುಮ್ಮನಿದ್ದು ಮತ್ತೆ ಅದೇ ರಾಗ. ಹಿಂದಿನ ಚಕ್ರ ಎಳೆಯುವ ನಟ್ಟು ಕೊನೆಯ ಗೆರೆ ಮುಟ್ಟಿತು. ನಾನು ಪ್ರತಿ ಸಲವೂ ಚೈನನ್ನೇ ಬೈದೆ. ಡೂಪ್ಲಿಕೇಟ್ ಮಾಲು, ಈಗಿನ ಕಬ್ಬಿಣದಲ್ಲಿ ಸತ್ವ ಇಲ್ಲ, ಹೀಗೆ. ಬಟ್ಟೆ ವ್ಯಾಪಾರದವನಿಗೆ ಮಾಲನ್ನು ಬೈಯುವುದು ಸುಲಭವಾಗಿ ಬರುತ್ತದೆ.

ಮೂರನೆಯ ಸಲ ಬಸ್ ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ಕು ಮಾತಾಡದೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ತನ್ನ ಕಡೆಗೆ ಎಳೆದ. ಹಲ್ಲಿನ ಅರ್ಧ ಭಾಗ ಬೆತ್ತಲಾಗಿ ಕಂಡಿತು. ಆಮೇಲೆ ಸ್ಟೀಲಿನ ಸ್ಕೇಲು ಇಟ್ಟು ಇಪ್ಪತ್ತನಾಲ್ಕು ಕೊಂಡಿ ಎಣಿಸಿದ. ಅರ್ಧ ಇಂಚಿನ ಚೈನಾದ್ದರಿಂದ ಇಪ್ಪತ್ತನಾಲ್ಕಕ್ಕೆ ಸರಿಯಾಗಿ ಒಂದಡಿ, 304.8 ಮಿಲಿಮೀಟರ್ ಬರಬೇಕು. ಬಂದದ್ದು 311.

‘ಚೈನು ಹಿಗ್ಗಿದೆ’ ಅಂದೆ.

‘ಹಿಗ್ಗೋಕೆ ಅದೇನು ರಬ್ಬರಾ ಸಾವ್ಕಾರ್ರೇ? ಕಬ್ಬಿಣ ಹಿಗ್ಗಿಲ್ಲ. ಪಿನ್ನು, ಬುಷ್ಷು ತಿಂದುಕೊಂಡಿವೆ.’

ಒಂದೊಂದು ಕೀಲಿನಲ್ಲೂ ಕಾಲು ಮಿಲಿಮೀಟರ್ ಸವೆತ. ಕಣ್ಣಿಗೆ ಕಾಣದ್ದು. ಇಪ್ಪತ್ತನಾಲ್ಕು ಕೀಲಿನದು ಕೂಡಿದಾಗ ಆರು ಮಿಲಿಮೀಟರ್, ನೂರಕ್ಕೆ ಎರಡು, ಅಂದರೆ ಚೈನಿನ ಆಯುಸ್ಸು ಮುಗಿದ ಹಾಗೆ. ಇಷ್ಟು ಬೇಗ ಯಾಕೆ ಮುಗಿಯಿತು ಎನ್ನುವುದಕ್ಕೆ ಅವನು ಉತ್ತರ ಹೇಳಲಿಲ್ಲ, ಮುಂದಿನ ಸ್ಪ್ರಾಕೆಟ್ಟು ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟ. ಹಲ್ಲುಗಳು ಒಂದೇ ಕಡೆಗೆ ಬಾಗಿ, ಬೆಕ್ಕಿನ ಉಗುರಿನ ಹಾಗೆ ಕೊಕ್ಕೆಯಾಗಿದ್ದವು. ಅಪ್ಪನ ಕಾಲದ್ದು. ಮೂರು ಚೈನು ಬದಲಿಸಿದ ನಾನು ಇದನ್ನು ಒಂದು ಸಲವೂ ಬಿಚ್ಚಿಸಿರಲಿಲ್ಲ. ನೂರೈವತ್ತೋ ಇನ್ನೂರೋ ಉಳಿಯಿತು ಅಂದುಕೊಂಡಿದ್ದೆ.

‘ಹಳೇ ಹಲ್ಲು ಹೊಸ ಚೈನನ್ನ ತನ್ನ ಅಳತೆಗೆ ತಂದುಬಿಡತ್ತೆ’ ಅಂದ ಅವನು, ಕೈ ಒರೆಸಿಕೊಳ್ಳುತ್ತಾ.

ಆ ಮಾತು ನನಗೆ ಸರಿಯಾಗಿ ಜೀರ್ಣವಾಗಲಿಲ್ಲ. ಕಾರಣ ಹೇಳುತ್ತೇನೆ.

ನಾವು ಜೈನರು. ಒಬ್ಬರ ಕರ್ಮವನ್ನು ಇನ್ನೊಬ್ಬರು ಉಣ್ಣುವುದಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಉಪ್ಪಿನಷ್ಟು ಸಾಮಾನ್ಯವಾದ ಮಾತು. ಸತ್ತವರಿಗೆ ಪಿಂಡ ಇಡುವುದು ನಮ್ಮಲ್ಲಿಲ್ಲ. ನಾನು ಉಂಡರೆ ಅಪ್ಪನ ಹಸಿವು ಹೋಗುವುದಿಲ್ಲ, ಅಪ್ಪ ಮಾಡಿದ್ದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಕೊಡುವ ದೇವರೂ ಇಲ್ಲ, ಮನ್ನಾ ಮಾಡುವ ದೇವರೂ ಇಲ್ಲ. ಚಿಕ್ಕಂದಿನಲ್ಲಿ ಇದು ನನಗೆ ಬಹಳ ನ್ಯಾಯವಾಗಿ ಕಂಡಿತ್ತು. ವ್ಯಾಪಾರದವರಿಗೆ ಹೊಂದುವ ಮತ, ಅವರವರ ಖಾತೆ ಅವರವರಿಗೆ. ಹಾಗಿರುವಾಗ ಈ ಹೊಸ ಚೈನು ಯಾವ ಪಾಪ ಮಾಡಿತ್ತು? ಡಬ್ಬಿಯಿಂದ ತೆಗೆದ ದಿನ ಅದರ ಒಂದೊಂದು ಕೀಲೂ ಅಳತೆಗೆ ಸರಿಯಾಗಿತ್ತು. ಅಪ್ಪನ ಕಾಲದ ಹಲ್ಲಿಗೆ ಸಿಕ್ಕಿ ಎರಡು ತಿಂಗಳಲ್ಲಿ ಮುದಿಯಾಯಿತು.

ಸಣ್ಣ ಪ್ರಶ್ನೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ಅಂಗಡಿಯ ವಿಷಯ ನೆನಪಾಗದಿದ್ದರೆ. ಅದೇ ನಾಲ್ಕು ವರ್ಷದಲ್ಲಿ ನಮ್ಮ ಅಂಗಡಿಯಲ್ಲಿ ಐದು ಹುಡುಗರು ಬಂದು ಹೋಗಿದ್ದರು. ಈಗಿನ ಹುಡುಗರು ನಿಲ್ಲುವುದಿಲ್ಲ, ಮೈ ಬಗ್ಗಿಸುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅಲ್ಲೂ ಮಾಲನ್ನೇ ಬೈದಿದ್ದು.

ಕರ್ಮ ಎಂದರೆ ನಮ್ಮ ಶಾಸ್ತ್ರದಲ್ಲಿ ಬರೀ ಲೆಕ್ಕದ ಮಾತಲ್ಲ. ಅದು ಪುದ್ಗಲ, ಸೂಕ್ಷ್ಮವಾದ ಒಂದು ವಸ್ತು. ಧೂಳಿನ ಹಾಗೆ ಬಂದು ಜೀವಕ್ಕೆ ಅಂಟುತ್ತದೆ. ಕುಂದಕುಂದಾಚಾರ್ಯರ ಸಮಯಸಾರದಲ್ಲಿ ಒಂದು ದೃಷ್ಟಾಂತ ಬರುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡವನೊಬ್ಬ ಧೂಳಿನ ಜಾಗದಲ್ಲಿ ಆಯುಧ ಹಿಡಿದು ಬಾಳೆ, ಬಿದಿರು ಕಡಿಯುತ್ತಾ ಸಾಮು ಮಾಡುತ್ತಾನೆ, ಮೈಯೆಲ್ಲ ಧೂಳು ಮೆತ್ತುತ್ತದೆ. ಧೂಳು ಅಂಟಿದ್ದು ಅವನ ಓಡಾಟದಿಂದಲೋ, ಜಾಗದಿಂದಲೋ? ಎರಡೂ ಅಲ್ಲ, ಎಣ್ಣೆಯಿಂದ. ಎಣ್ಣೆ ಒರೆಸಿಕೊಂಡು ಬಂದು ಅದೇ ಕೆಲಸ ಮಾಡಲಿ, ಧೂಳು ನಿಲ್ಲುವುದಿಲ್ಲ. ಆ ಎಣ್ಣೆ ರಾಗದ್ವೇಷ.

ಚೈನು ತೊಳೆಯುವವನಿಗೆ ಈ ದೃಷ್ಟಾಂತವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊರಮೈಗೆ ಗ್ರೀಸು ಬಳಿದು ಮಣ್ಣು ರಸ್ತೆಗೆ ಇಳಿದರೆ ಎಣ್ಣೆ, ಧೂಳು ಕೂಡಿ ಸಾಣೆ ಹಿಟ್ಟಾಗಿ ರೋಲರನ್ನು ತೇಯುತ್ತದೆ. ಯೆಜ್ಡಿ ಮಾಡಿದವರಿಗೆ ಇದು ಗೊತ್ತಿತ್ತು. ಆ ಗಾಡಿಗೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವಚ, ಮೇಲೊಂದು ಕೆಳಗೊಂದು ರಬ್ಬರಿನ ಕೊಳವೆ ಬರುತ್ತಿದ್ದವು. ಹೊರಗಿನ ಧೂಳು ಒಳಗೆ ಬಾರದಂತೆ ತಡೆಯುವುದಕ್ಕೆ ಶಾಸ್ತ್ರದಲ್ಲಿ ಸಂವರ ಎನ್ನುತ್ತಾರೆ, ಅಂಟಿದ್ದನ್ನು ಕಳಚಿ ಹಾಕುವುದಕ್ಕೆ ನಿರ್ಜರೆ. ಚೈನು ತೊಳೆಯುವ ಸೀಮೆಎಣ್ಣೆಯ ಬಾಣಲೆ ನಿರ್ಜರೆಯಾದರೆ ಆ ತಗಡು ಸಂವರ. ನಮ್ಮ ಗಾಡಿಯ ಸಂವರವನ್ನು ಹಿಂದೆ ಯಾವನೋ ಬಿಚ್ಚಿ ಬಿಸಾಕಿದ್ದ, ‘ರಬ್ಬರ್ ಹರಿದೋಗಿದೆ, ಸಿಗಲ್ಲ’ ಅಂತ. ನಾನು ಹೂಂ ಅಂದಿದ್ದೆ.

ಆದರೆ ದೃಷ್ಟಾಂತ ಒಂದು ಕಡೆ ನನ್ನ ಕೈ ಬಿಡುತ್ತದೆ. ಎಣ್ಣೆಯನ್ನು ಪೂರಾ ಒರೆಸಿಬಿಟ್ಟರೆ ಚೈನು ಬದುಕುವುದಿಲ್ಲ. ಒಣ ಚೈನು ಮಣ್ಣಿನ ಚೈನಿಗಿಂತ ಬೇಗ ಸಾಯುತ್ತದೆ. ಸ್ವಲ್ಪ ದೂರ ಓಡಿಸಿ ಬಿಸಿ ಮಾಡಿ, ಕೆಳಗಿನ ಸಾಲಿನ ಒಳಮೈಗೆ ಎಣ್ಣೆ ಬಿಡಬೇಕು, ತಿರುಗುವಾಗ ಅದು ಹೊರಕ್ಕೆ ಹಾರುತ್ತಾ ಕೀಲಿನೊಳಗೆ ಇಳಿಯುವಂತೆ. ಹೊರಗೆ ಉಳಿದದ್ದನ್ನು ಒರೆಸಬೇಕು. ಒಳಗೆ ಇರಬೇಕು, ಹೊರಗೆ ಇರಬಾರದು. ಮುನಿಗಳಿಗೆ ಒಣಗಿದ ಮೈ ಸರಿ. ಮನೆ, ಅಂಗಡಿ ಕಟ್ಟಿಕೊಂಡ ಶ್ರಾವಕನಿಗೆ ಎಣ್ಣೆ ಎಷ್ಟು? ಅವನ ಪಾಲಿನ ಸಣ್ಣ ವ್ರತಗಳು, ಅಣುವ್ರತಗಳು, ಇರುವುದೇ ಈ ಲೆಕ್ಕಕ್ಕಿರಬೇಕು.

ಆ ಮಳೆಗಾಲ ಬೆಳಗೊಳದಲ್ಲಿ ಒಬ್ಬ ಮುನಿ ಮಹಾರಾಜರ ಚಾತುರ್ಮಾಸ ಇತ್ತು. ಹೋದೆ, ಇದೇ ಗಾಡಿಯಲ್ಲಿ. ಮಳೆಗಾಲದಲ್ಲಿ ಹುಳುಹುಪ್ಪಟೆ ಸಾಯುತ್ತವೆಂದು ಅವರು ನಡೆಯುವುದನ್ನೇ ನಿಲ್ಲಿಸಿ ಒಂದು ಕಡೆ ಕೂತಿರುತ್ತಾರೆ, ನಾನು ಗುಡುಗುಡು ಎಂದು ಎರಡು ಸೈಲೆನ್ಸರಿನ ಹೊಗೆ ಬಿಟ್ಟುಕೊಂಡು ಧರ್ಮ ಕೇಳಲು ಹೋಗುತ್ತೇನೆ. ಅಮ್ಮ ಇದ್ದಿದ್ದರೆ ಬಸ್ಸಿಗೆ ಹೋಗು ಅನ್ನುತ್ತಿದ್ದಳು, ಬಸ್ಸಿನ ಅಡಿಗೆ ಹುಳು ಸಿಗುವುದಿಲ್ಲ ಎನ್ನುವ ಹಾಗೆ.

ನಮೋಸ್ತು ಹೇಳಿ ಕೂತು, ಚೈನಿನ ಕಥೆಯನ್ನು ಆದಷ್ಟು ಮಟ್ಟಿಗೆ ಶಾಸ್ತ್ರದ ಭಾಷೆಯಲ್ಲಿ ಕೇಳಿದೆ. ಅವರು ನಕ್ಕರು.

‘ಹಲ್ಲು ನಿಮಿತ್ತ. ಉಪಾದಾನ ಚೈನಿನದೇ. ಸವೆಯುವ ಸ್ವಭಾವ ಅದರಲ್ಲಿಲ್ಲದಿದ್ದರೆ ಯಾವ ಹಲ್ಲು ಏನು ಮಾಡೀತು?’

ನಿಮಿತ್ತ ಹೊರಗಿನ ನೆವ, ಉಪಾದಾನ ಒಳಗಿನ ಕಾರಣ. ಉತ್ತರ ತಪ್ಪಿಲ್ಲ. ಆದರೆ ಮಾತು ಅಲ್ಲಿಗೆ ಮುಗಿದಿದ್ದರೆ ನಾನು ಬಹಳ ಹಗುರಾಗಿ ಮನೆಗೆ ಬರುತ್ತಿದ್ದೆ. ಹುಡುಗರು ಹೋದದ್ದು ಅವರವರ ಉಪಾದಾನ, ನಾನು ಬರೀ ನೆವ. ಇಷ್ಟು ಅನುಕೂಲವಾದ ಉತ್ತರ ಕೈಗೆ ಬಂದಾಗ ವ್ಯಾಪಾರಿಯಾದವನು ನೋಟನ್ನು ಬೆಳಕಿಗೆ ಹಿಡಿದು ನೋಡಬೇಕು.

ಅವರೇ ಮುಂದುವರಿಸಿದರು. ತತ್ತ್ವಾರ್ಥಸೂತ್ರದ ಐದನೇ ಅಧ್ಯಾಯದಲ್ಲಿ ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆ ಎಂಬ ಅರ್ಥದ ಸೂತ್ರ ಇದೆಯಲ್ಲ, ಎಲ್ಲ ಬಸದಿಗಳ ಗೋಡೆ ಮೇಲೂ ಬರೆಸಿರುತ್ತೀರಿ. ಅದರ ಹಿಂದಿನ ಸೂತ್ರ ನೋಡಿದ್ದೀರಾ? ನಾನು ನೋಡಿರಲಿಲ್ಲ. ಪುದ್ಗಲವು ಜೀವಕ್ಕೆ ಮಾಡುವ ಉಪಗ್ರಹಗಳನ್ನು, ಅಂದರೆ ಉಪಕಾರಗಳನ್ನು, ಅಲ್ಲಿ ಹೇಳಿದೆ: ಸುಖ, ದುಃಖ, ಜೀವಿತ, ಮರಣ. ದುಃಖ ಕೊಡುವುದೂ, ಸಾಯಿಸುವುದೂ ಆ ಪಟ್ಟಿಯಲ್ಲೇ ಇವೆ.

‘ನಿಮಿತ್ತ ಆಗುವುದು ಅಂದರೆ ಸುಮ್ಮನೆ ಪಕ್ಕದಲ್ಲಿ ನಿಲ್ಲುವುದಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಲ್ಲು ಜಡ. ತಾನು ಬಾಗಿರುವುದು ಅದಕ್ಕೆ ತಿಳಿಯುವುದಿಲ್ಲ. ನಿಮಗೆ ಆ ಸೌಕರ್ಯ ಇಲ್ಲ.’

ಬರುವಾಗ ದಾರಿಯುದ್ದಕ್ಕೂ ಹೊಳೆದದ್ದು ಐದರಲ್ಲಿ ನಾಲ್ಕನೆಯ ಹುಡುಗ. ಅವನು ಹನ್ನೊಂದು ತಿಂಗಳು ಇದ್ದ, ಎಲ್ಲರಿಗಿಂತ ಹೆಚ್ಚು. ಒಳ್ಳೆಯ ಹುಡುಗ, ಬಂದಾಗ ಬಾಯಲ್ಲಿ ಬೆರಳಿಟ್ಟರೆ ಕಚ್ಚಲೂ ಬರುತ್ತಿರಲಿಲ್ಲ. ಕೊನೆಯ ತಿಂಗಳಲ್ಲಿ ಒಂದು ಸಂಜೆ ನಾನು ಗೋಡೌನಿನಲ್ಲಿದ್ದೆ. ಹೊರಗೆ ಅವನು ಹೊಸದಾಗಿ ಸೇರಿದ ಹುಡುಗನನ್ನು ಗದರುತ್ತಿದ್ದ, ಮಡಿಸಿದ ಸೀರೆ ಅಂಚು ಕೂಡಿಲ್ಲ ಅಂತ. ‘ಕೈಯೇನು ಅಡವಿಟ್ಟಿದ್ದೀಯಾ?’ ಆ ಮಾತು ನನ್ನದು. ಧಾಟಿಯೂ ನನ್ನದೇ, ಕೊನೆಯಲ್ಲಿ ಎಳೆಯುವುದೂ. ನನಗೆ ಅದು ಬಂದದ್ದು ಎಲ್ಲಿಂದ? 1978ರಲ್ಲೋ 79ರಲ್ಲೋ ಇದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಅಂಚು ಕೂಡದ ಸೀರೆ ಹಿಡಿದು ನಿಂತಿದ್ದಾಗ. ಅಪ್ಪನ ಖಾತೆ ನನಗೆ ಬರುವುದಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡವನು, ಅಪ್ಪನ ಮಾತು ಯಾರದೋ ಮಗನ ಬಾಯಲ್ಲಿ ಕೇಳಿ ಗೋಡೌನಿನಿಂದ ಹೊರಗೆ ಬರಲಾಗದೆ ನಿಂತಿದ್ದೆ.

ಚೈನಿನ ಅಳತೆ ಕೆಡಿಸಿದ ಹಲ್ಲನ್ನೂ ಮೊದಲು ಯಾವುದೋ ಹಳೇ ಚೈನೇ ತಿಂದಿರುತ್ತದೆ. ಮೆಕ್ಯಾನಿಕ್ಕನ ವಾದ ಅದು. ಅದಕ್ಕೇ ಅವನು ಮೂರನ್ನೂ ಒಟ್ಟಿಗೆ ಬದಲಿಸುತ್ತಾನೆ: ಮುಂದಿನದು, ಹಿಂದಿನದು, ಚೈನು. ಒಂದನ್ನೂ ಉಳಿಸಬಾರದು. ಸಂಸಾರದಲ್ಲಿ ಹೀಗೆ ಸೆಟ್ಟು ಬದಲಿಸಲು ಬರುವುದಿಲ್ಲ. ಅರವತ್ತೆರಡು ವರ್ಷದ ಹಲ್ಲನ್ನು ಗಾಡಿಯ ಮೇಲೆ ಇರುವಂತೆಯೇ ಅರ ಹಿಡಿದು ತೀಡಬೇಕು. ಸ್ಪ್ರಾಕೆಟ್ಟಿಗೆ ಹಾಗೆ ಅರ ಹಾಕುವುದು ಶುದ್ಧ ತಪ್ಪು ಕೆಲಸ, ಅಂತರ ಇನ್ನಷ್ಟು ಕೆಡುತ್ತದೆ. ಜೀವಕ್ಕೆ ಬೇರೆ ದಾರಿ ಇಲ್ಲ.

ಹೊಸ ಸೆಟ್ಟು ಹಾಕಿದ ದಿನ ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಲಾಕಿನ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರುವಂತೆ ಕೂರಿಸಿದ. ಆಮೇಲೆ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಕೆಳಗಿನ ಸಾಲನ್ನು ಬೆರಳಲ್ಲಿ ಒತ್ತಿ ನೋಡಲು ಹೇಳಿದ. ಹೊಸ ಚೈನಾದರೂ ಸುತ್ತಿನಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದಂತೆ. ಎಲ್ಲಿ ತೀರಾ ಬಿಗಿಯೋ ಅಲ್ಲಿ ನಿಲ್ಲಿಸಿ ಅಲ್ಲಿ ಸಡಿಲ ಕೊಡಬೇಕು. ಸಡಿಲ ಇರುವಲ್ಲಿ ಅಳತೆ ನೋಡಿ ಬಿಗಿದರೆ, ಬಿಗಿ ಜಾಗ ಬಂದಾಗ ಬೇರಿಂಗು ಅಳುತ್ತದೆ.

ನಾಲ್ಕು ಸುತ್ತು ತಿರುಗಿಸಿದೆ. ನನ್ನ ಬೆರಳಿಗೆ ಎಲ್ಲ ಕಡೆಯೂ ಒಂದೇ ಥರ ಅನ್ನಿಸಿತು.

‘ಸಿಕ್ತಾ ಸಾವ್ಕಾರ್ರೇ?’

‘ಇನ್ನೊಂದು ಸಲ ತಿರುಗಿಸ್ತೀನಿ ಇರಪ್ಪ’ ಅಂದೆ.