ಇಂದಿನ ಧಮ್ಮ ಚಿಂತನೆ: ಮೂರನೆಯ ರೋಗಿ



ಅಂಗುತ್ತರ ನಿಕಾಯದ ಗಿಲಾನ ಸುತ್ತದಲ್ಲಿ ಭಗವಾನ್ ಬುದ್ಧರು ಮೂರು ಬಗೆಯ ರೋಗಿಗಳನ್ನು ಹೇಳುತ್ತಾರೆ. ಒಬ್ಬ ಔಷಧಿ ಸಿಕ್ಕರೂ ಸಿಗದಿದ್ದರೂ ಗುಣವಾಗುತ್ತಾನೆ. ಇನ್ನೊಬ್ಬ ಸಿಕ್ಕರೂ ಗುಣವಾಗುವುದಿಲ್ಲ. ಮೂರನೆಯವನು ಔಷಧಿ, ಆರೈಕೆ ಸಿಕ್ಕರೆ ಮಾತ್ರ ಉಳಿಯುತ್ತಾನೆ. ಅವನ ಸಲುವಾಗಿ ಎಲ್ಲ ರೋಗಿಗಳನ್ನೂ ಆರೈಕೆ ಮಾಡಬೇಕು ಎಂಬುದು ಉಪದೇಶ.

ಡಾಕ್ಟರ ಮುಂದೆ ಕೂತಾಗ ನಾನು ಇದನ್ನು ನೆನೆಯುತ್ತೇನೆ. ಯಾರು ಯಾವ ಬಗೆಯೆಂದು ಮೊದಲ ದಿನವೇ ಅವರಿಗೂ ತಿಳಿಯದು. ಡೆಂಗಿ ಜ್ವರವನ್ನೇ ನೋಡಿ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ 3ರಿಂದ 7ನೆಯ ದಿನದೊಳಗೆ, ಜ್ವರ ಇಳಿಯುವಾಗಲೇ ಅಪಾಯ ಬರುತ್ತದೆ: ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು. "ಜ್ವರ ಬಿಟ್ಟಿತು" ಎಂದು ಮನೆಯವರು ನಿರಾಳವಾಗುವ ಹೊತ್ತು ಅದು.

ಆದ್ದರಿಂದ "ನೋಡೋಣ, ಎರಡು ದಿನ ಬಿಟ್ಟು ಬನ್ನಿ" ಎಂದರೆ ಡಾಕ್ಟರಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳಬೇಡಿ. ಇಂಜೆಕ್ಷನ್ನಿಗೆ ಹಟ ಹಿಡಿಯಬೇಡಿ. ತಾಯತ, ಹರಕೆಯ ಕಡೆಗೂ ತಿರುಗಬೇಡಿ. ಕೇಳಿ: "ಏನು ಕಂಡರೆ ಕಾಯದೆ ಬರಬೇಕು? ರಾತ್ರಿಯಾದರೆ ಎಲ್ಲಿಗೆ ಹೋಗಬೇಕು?" ಉತ್ತರವನ್ನು ಬರೆದುಕೊಂಡು ಮನೆಯವರಿಗೂ ತಿಳಿಸಿ.

ಕಾಯಿಲೆ ಹೆಚ್ಚಿದೆಯೋ, ಇಳಿದಿದೆಯೋ, ಹಾಗೇ ಇದೆಯೋ, ಇದ್ದದ್ದನ್ನು ಇದ್ದಂತೆ ಹೇಳುವುದು ಒಳ್ಳೆಯ ರೋಗಿಯ ಗುಣವೆಂದು ವಿನಯಪಿಟಕದಲ್ಲಿದೆ. ದೊಡ್ಡವರೆದುರು ಬಾಯಿ ಬಿಡಬಾರದೆಂದು ನಮ್ಮ ಹಿರಿಯರಿಗೆ ಕಲಿಸಿದ್ದು ಜಾತಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ಕೊಟ್ಟದ್ದು ಪ್ರಶ್ನೆ ಕೇಳುವ ಧಮ್ಮ. ಆ ಎರಡು ಪ್ರಶ್ನೆ ಕೇಳದೆ ಕುರ್ಚಿಯಿಂದ ಏಳದಿರೋಣ.

ಭವತು ಸಬ್ಬ ಮಂಗಲಂ. ಜೈಭೀಮ್.